ಜಾಲತಾಣದ ಬಾಣಂತನ

ಹಾವೇರಿಯ ಬಸ್ ನಿಲ್ದಾಣದಿಂದ ನಮ್ಮ ಮನೆಗೆ ನಡೆದು ಬರುವ ದಾರಿಯಲ್ಲಿ ಎಡಕ್ಕೂ ಬಲಕ್ಕೂ ಇರುವ ಅಂಗಡಿಗಳ ಫಲಕಗಳೆಲ್ಲ ಹೆಚ್ಚುಕಡಿಮೆ ‘ನಮ್ಮಲ್ಲಿ’ ಎಂಬ ಒಂದೇ ಪದದಿಂದ ಶುರುವಾಗುತ್ತವೆ. ನಮ್ಮಲ್ಲಿ ಎಲ್ಲ ತರಹದ ಮೋಟರ್‌ಗಳನ್ನು ರಿಪೇರಿ ಮಾಡಿಕೊಡಲಾಗುತ್ತದೆ. ನಮ್ಮಲ್ಲಿ ಹಳೆಯ ಗಾದಿಗಳನ್ನು ಹೊಸದರಂತೆ ಮಾಡಿಕೊಡಲಾಗುತ್ತದೆ. ನಮ್ಮಲ್ಲಿ ಮದುವೆಗೆ ಬೇಕಾದ ಸಮಸ್ತ ಪಾತ್ರೆಗಳೂ ಬಾಡಿಗೆಗೆ ಸಿಗುತ್ತವೆ. ಮಾಡಿಕೊಡುವವರು ಯಾರು ಎಂಬುದನ್ನು ಮಾತ್ರ ಯಾವ ಫಲಕವೂ ಬಾಯಿಬಿಟ್ಟು ಹೇಳುವುದಿಲ್ಲ. ಆಯುಷ್ಯದ ಬಹುಭಾಗವನ್ನು ಕಾಲೇಜಿನ ಮಕ್ಕಳಿಗೆ ಕರ್ತರಿ–ಕರ್ಮಣಿ ಪ್ರಯೋಗಗಳ ವ್ಯತ್ಯಾಸ ಕಲಿಸುತ್ತ ಸವೆಸಿದ ನನ್ನಂಥವಳಿಗೆ, ಕರ್ತೃಗಳೇ ಇಲ್ಲದೆ ಇಷ್ಟೊಂದು ಕೆಲಸ ನಡೆಯುತ್ತಿರುವ ಊರಿನಲ್ಲಿ ವಾಸಿಸುವುದು ಒಂದು ಬಗೆಯ ವಿಸ್ಮಯವೇ ಸರಿ.

ನಿವೃತ್ತಳಾದ ಕನ್ನಡ ಅಧ್ಯಾಪಕಿಗೆ ಊರು ಕೊಡುವ ಕೆಲಸಗಳು ನಿಮಗೆ ಗೊತ್ತಿರಬಹುದು. ಮದುವೆಯ ಆಮಂತ್ರಣದಲ್ಲಿ ಮಹಾಪ್ರಾಣಗಳನ್ನು ಸರಿಪಡಿಸುವುದು, ಬ್ಯಾಂಕಿನಿಂದ ನಿವೃತ್ತರಾದವರಿಗೆ ಮಾನಪತ್ರ ಬರೆಯುವುದು, ತೀರಿಕೊಂಡವರ ಪುಣ್ಯಸ್ಮರಣೆಗೆ ನಾಲ್ಕು ಸಾಲು ಹೊಸೆಯುವುದು. ‘ಸರಳ, ಸಜ್ಜನ, ಸ್ನೇಹಜೀವಿ’ ಎಂಬ ಮೂರು ಸಕಾರಗಳನ್ನು ನಾನು ಬದುಕಿದ್ದವರಿಗೂ ಸತ್ತವರಿಗೂ ಭೇದವಿಲ್ಲದೆ ಹಂಚಿದ್ದೇನೆ. ಅದರ ಮೇಲೆ ಪ್ರಬಂಧಗಳ ಎರಡು ಪುಸ್ತಕಗಳನ್ನು ಬೇರೆ ಪ್ರಕಟಿಸಿದವಳು; ಅವುಗಳ ಬಹುಪಾಲು ಪ್ರತಿಗಳು ನಮ್ಮ ಮಂಚದ ಕೆಳಗೆ ಸುಖನಿದ್ರೆಯಲ್ಲಿವೆ. ಆದ್ದರಿಂದ ರಾಣೆಬೆನ್ನೂರಿನ ಕಸ್ತೂರಿ ತನ್ನ ತಂಗಿಯ ಮಗಳು ದೀಪಾಳೊಂದಿಗೆ ಬಂದು, “ಅಕ್ಕಾರ, ನಮಗೊಂದು ವೆಬ್‌ಸೈಟಿಗೆ ಬರದುಕೊಡ್ರಿ” ಎಂದಾಗ ನನಗೆ ಆಶ್ಚರ್ಯಕ್ಕಿಂತ ಹೆಚ್ಚಾಗಿ ಒಳಗೊಳಗೇ ಹಿಗ್ಗಾಯಿತು. ಕೊನೆಗೂ ನನ್ನ ಗದ್ಯಕ್ಕೆ ಮಂಚದ ಕೆಳಗಿನಿಂದ ಬಿಡುಗಡೆ ಸಿಗುವಂತೆ ಕಂಡಿತು.

ಕಸ್ತೂರಿಯದು ಬಾಣಂತನದ ಸೇವೆ. ಹೆರಿಗೆಯಾದ ಮನೆಗಳಿಗೆ ಅವಳ ಕಡೆಯ ಹೆಂಗಸರು ದಿನಾ ಬೆಳಿಗ್ಗೆ ಹೋಗಿ ಬಾಣಂತಿಗೆ ಎಣ್ಣೆ ಹಚ್ಚಿ, ಹಂಡೆಯ ಬಿಸಿನೀರು ಎರೆದು, ಹೊಟ್ಟೆಗೆ ಹಳೆಯ ಸೀರೆ ಕಟ್ಟಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆದು, ಲೋಬಾನದ ಹೊಗೆ ಹಾಕಿ ಮಲಗಿಸಿ ಬರುತ್ತಾರೆ. ಅಜ್ಜಿಯಂದಿರು ಮಾಡುತ್ತಿದ್ದುದನ್ನು ಈಗ ಮಾಡುವವರಿಲ್ಲ. ಅಜ್ಜಿಯರಿಗೇ ಮೊಣಕಾಲು ನೋವು, ಇಲ್ಲವೇ ನೌಕರಿ. ಹೀಗಾಗಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರುಗಳಲ್ಲಿ ಕಸ್ತೂರಿಯ ಹೆಂಗಸರಿಗೆ ಬಿಡುವಿರಲಿಲ್ಲ. ನನ್ನ ಮಗಳ ಬಾಣಂತನವನ್ನೂ ಅವರೇ ಮಾಡಿದ್ದರು. ಆ ದಿನಗಳಲ್ಲಿ ಕಸ್ತೂರಿ ಆಗೀಗ ಬಂದು ಬಚ್ಚಲಿನ ಹೊರಗೆ ನಿಂತು, ನೀರಿನ ಹದ ಕೇಳಿ, ಕೂಸಿನ ನೆತ್ತಿಗೆ ಎಣ್ಣೆ ಸಾಲದೆಂದು ಹೇಳಿ, ಹೊರಗಿನಿಂದಲೇ ಹೋಗಿಬಿಡುತ್ತಿದ್ದಳು. ಒಮ್ಮೆಯೂ ಕೂಸನ್ನು ಮುಟ್ಟಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಬೇಡವೆಂದಿರಲಿಲ್ಲ. ಅವಳೇ ಹಾಗೆ ನಿಲ್ಲುವುದನ್ನು ರೂಢಿ ಮಾಡಿಕೊಂಡಿದ್ದಳು. ಮಾಲಕಿ ಎಂಬ ಠೀವಿ ಇರಬೇಕೆಂದು ನಾನು ತಿಳಿದಿದ್ದೆ.

ದೀಪಾ ಬಿ.ಕಾಂ. ಓದಿದವಳು, ಚುರುಕಿನ ಹುಡುಗಿ. ಕಸ್ತೂರಿಯ ಮನೆಯಲ್ಲೇ ಇದ್ದು ಫೋನಿನ ವ್ಯವಹಾರವೆಲ್ಲ ನೋಡಿಕೊಳ್ಳುತ್ತಿದ್ದಳು. ಈಗಿನ ಗಂಡ–ಹೆಂಡಿರು ಐದು ತಿಂಗಳಾಗುವ ಮುಂಚೆಯೇ ಫೋನಿನಲ್ಲಿ ಹುಡುಕಲು ಶುರುಮಾಡುತ್ತಾರೆ, ಅಲ್ಲಿ ನಾವಿಲ್ಲದಿದ್ದರೆ ದಾವಣಗೆರೆಯವರೋ ಹುಬ್ಬಳ್ಳಿಯವರೋ ಬಂದು ಕೂರುತ್ತಾರೆ ಎಂಬುದು ಅವಳ ವಾದ. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಚೌಕಟ್ಟೊಂದನ್ನು ತೆಗೆದುಕೊಂಡು ತಾನೇ ತಾಣ ಕಟ್ಟುತ್ತೇನೆಂದೂ, ಐದು ಪುಟ ಸಾಕೆಂದೂ ಅವಳು ಯೋಜನೆ ಹಾಕಿದ್ದಳು: ಮುಖಪುಟ, ನಮ್ಮ ಸೇವೆಗಳು, ನಮ್ಮ ಬಗ್ಗೆ, ಗ್ರಾಹಕರ ಮಾತು, ಸಂಪರ್ಕ. ಕೇಳಿದಾಗ ಐದಂಕದ ನಾಟಕವೊಂದು ನನ್ನ ಪಾಲಿಗೆ ಬಂದಂತಾಯಿತು.

ಮುಖಪುಟವನ್ನು ನಾನು ಒಂದು ವಾರ ಬರೆದೆ. ‘ಮಾತೃತ್ವವೆಂಬ ಮಹಾಪ್ರಸ್ಥಾನದ ಪ್ರಥಮ ಸೋಪಾನದಲ್ಲಿ’ ಎಂದು ಶುರುವಾದ ವಾಕ್ಯ ಕ್ರಿಯಾಪದವನ್ನು ತಲುಪುವಷ್ಟರಲ್ಲಿ ಬಾಣಂತನವೇ ಮುಗಿದುಹೋಗುವಷ್ಟು ದೀರ್ಘವಾಗಿತ್ತು. ಅಷ್ಟೇ ಅಲ್ಲ, ಮಹಾಪ್ರಸ್ಥಾನವೆಂದರೆ ಮರಳಿ ಬಾರದ ಪ್ರಯಾಣವೆಂಬುದನ್ನು ಇಷ್ಟು ವರ್ಷ ಪಾಠ ಮಾಡಿದ ನಾನೇ ಮರೆತಿದ್ದೆ. ದೀಪಾ ಓದಿ, ನನ್ನ ಮನಸ್ಸು ನೋಯದಂತೆ, ಫೋನಿನ ಪರದೆ ಸಣ್ಣದಿರುತ್ತದೆ ಎಂದಷ್ಟೇ ಹೇಳಿದಳು. ಎರಡನೆಯ ಸಲ ಅರ್ಧ ಮಾಡಿದೆ; ಮೂರನೆಯ ಸಲ ಅದರ ಅರ್ಧ. ಕೊನೆಗೆ ಉಳಿದದ್ದು ‘ತಾಯಿ–ಮಗುವಿನ ಆರೈಕೆಗೆ ಅನುಭವಿ ಕೈಗಳು’ ಎಂಬ ಬೋಳು ಸಾಲು. ಉದ್ದುದ್ದ ಸಮಾಸಗಳನ್ನೆಲ್ಲ ಕಳೆದುಕೊಂಡು ನಿಂತ ಆ ಸಾಲನ್ನು ನೋಡಿ ನನಗೆ ಮುಡಿಯಿಲ್ಲದ ಹೆಣ್ಣನ್ನು ನೋಡಿದಷ್ಟು ಸಂಕಟವಾಯಿತು, ಆದರೆ ದೀಪಾ ತುಂಬ ಚೆನ್ನಾಗಿದೆ ಎಂದಳು.

ಸೇವೆಗಳ ಪುಟದಲ್ಲಿ ಜಗಳ ಪದಗಳದ್ದು. ‘ಎರೆಯುವುದು’ ಎಂಬುದು ನನಗೆ ಪ್ರಾಣ. ಜನ ಹುಡುಕುವುದು ‘ಬೇಬಿ ಬಾತ್’ ಎಂದು ದೀಪಾ. ಎಣ್ಣೆ ಹಚ್ಚುವುದು ‘ಮಸಾಜ್’ ಆಯಿತು, ಹೊಟ್ಟೆ ಕಟ್ಟುವುದಕ್ಕೆ ಅವಳು ತಂದ ಇಂಗ್ಲಿಷ್ ಪದವನ್ನು ನನ್ನ ಬಾಯಿ ಇಂದಿಗೂ ಉಚ್ಚರಿಸಲಾರದು. ಬಾಣಂತಿಗೆ ಕಟ್ಟಿಕೊಡುವ ಅಂಟಿನುಂಡಿ ಮಾತ್ರ ಯಾವ ಭಾಷೆಗೂ ಜಗ್ಗದೆ ಅಂಟಿನುಂಡಿಯಾಗಿಯೇ ಉಳಿಯಿತು. ಇಷ್ಟರವರೆಗೆ ನನ್ನ ಈ ಕೆಲಸ ಒಂದು ವಿನೋದವೇ ಆಗಿತ್ತು. ‘ನಮ್ಮ ಬಗ್ಗೆ’ ಎಂಬ ಪುಟಕ್ಕೆ ಬಂದಾಗ ಕಸ್ತೂರಿಯನ್ನು ಕೂರಿಸಿಕೊಂಡು ಕೇಳಲೇಬೇಕಾಯಿತು.

ಅವಳು ಹೇಳಿದ್ದು ಹೀಗೆ. ಬ್ಯಾಡಗಿಯಲ್ಲಿ ಅವಳ ಗಂಡನ ಮನೆ. ಮದುವೆಯಾದ ಮರುವರ್ಷ ಗಂಡು ಕೂಸು ಹುಟ್ಟಿತು, ವಾರ ತುಂಬುವುದರೊಳಗೆ ತೀರಿಕೊಂಡಿತು. ಕೂಸನ್ನು ಒಯ್ದ ದಿನವೇ ಅವಳ ಕೋಣೆಯ ಅಗ್ಗಿಷ್ಟಿಕೆಯನ್ನು ಹೊರಗಿಟ್ಟರು. ಅವಳಿಗೆಂದು ಕಾಯುತ್ತಿದ್ದ ಬಿಸಿನೀರಿನ ಒಲೆ ಮರುದಿನದಿಂದ ಹೊತ್ತಲಿಲ್ಲ. ಕಟ್ಟಿಟ್ಟಿದ್ದ ಅಂಟಿನುಂಡಿಯನ್ನು ಅತ್ತೆ ಅಕ್ಕಪಕ್ಕದ ಮಕ್ಕಳಿಗೆ ಹಂಚಿದಳು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ, ಎಲ್ಲರೂ ಅತ್ತರು. ಆದರೆ ಎದೆಯಲ್ಲಿ ಹಾಲು ಕಟ್ಟಿ, ಜ್ವರ ಬಂದು, ಹೊಲಿಗೆ ಒಣಗದೆ ಮಲಗಿದವಳಿಗೆ ಬೇಕಾದದ್ದೇನು ಎಂದು ಆ ಮನೆಯಲ್ಲಿ ಯಾರೂ ಯೋಚಿಸಲಿಲ್ಲ, ಯಾಕೆಂದರೆ ಬಾಣಂತನ ಎಂಬುದು ಕೂಸಿನೊಂದಿಗೆ ಹೊರಟುಹೋಗಿತ್ತು. ಮುಂದೆ ಮಕ್ಕಳಾಗಲಿಲ್ಲ. ಕೆಲವು ವರ್ಷಕ್ಕೆ ಗಂಡನೂ ಹೈವೇಯ ಅಪಘಾತದಲ್ಲಿ ಹೋದ. ರಾಣೆಬೆನ್ನೂರಿನ ಹೆರಿಗೆ ಆಸ್ಪತ್ರೆಯೊಂದರಲ್ಲಿ ಆಯಾ ಆಗಿ ಸೇರಿ, ಎರೆಯುವ ಕೆಲಸವನ್ನೆಲ್ಲ ಅಲ್ಲಿಯೇ ಕಲಿತಳು. ಆದರೆ ಮನೆಗಳಿಗೆ ಹೋದಾಗ ಹಿರಿಯರು ಮೊದಲು ಕೇಳುತ್ತಿದ್ದುದು ಎಷ್ಟು ಮಕ್ಕಳೆಂದು. ಉತ್ತರ ಕೇಳಿದ ಮೇಲೆ ಕೂಸನ್ನು ಅವಳ ಕೈಗೆ ಕೊಡುತ್ತಿರಲಿಲ್ಲ. ತನ್ನ ಕೈ ನಡೆಯದ ಕಡೆ ಬೇರೆಯವರ ಕೈ ನಡೆಯಲಿ ಎಂದು ಮಕ್ಕಳಿದ್ದ ಹೆಂಗಸರನ್ನು ಕೂಡಿಸಿ, ಕಲಿಸಿ, ಕಳಿಸಲು ಶುರುಮಾಡಿದಳು. ಸೇವೆ ಹುಟ್ಟಿದ್ದು ಹಾಗೆ. ನಾನು ಕಂಡ ಠೀವಿಯ ಅರ್ಥ ಇದಾಗಿತ್ತು.

ಇದೆಲ್ಲವನ್ನೂ ಅವಳು ಬೇರೆ ಯಾರದೋ ವಿಷಯದಂತೆ ಹೇಳಿದಳು. ಆಮೇಲೆ, ತನ್ನ ಕಥೆ ಬರೆಯುವುದು ಬಿಡುವುದು ನನಗೆ ಬಿಟ್ಟದ್ದೆಂದೂ, ಸೇವೆಗಳ ಪುಟದಲ್ಲಿ ಒಂದು ಸಾಲು ಮಾತ್ರ ಸೇರಲೇಬೇಕೆಂದೂ ಅಂದಳು. ಕೂಸು ಉಳಿಯದ ಮನೆಗಳಿಗೂ ಅವಳು ಹೋಗುತ್ತಿದ್ದಳಂತೆ. ಆಸ್ಪತ್ರೆಯ ಹಳೆಯ ಪರಿಚಯದ ನರ್ಸುಗಳು ಹೇಳಿಕಳಿಸಿದರೆ ಸದ್ದಿಲ್ಲದೆ ಹೋಗಿ ಆ ತಾಯಿಗೆ ಎರೆದು ಬರುವುದು. ಆದರೆ ಹೇಳಿಕಳಿಸುವವರು ಕಡಿಮೆ. ಹೀಗೊಂದು ಸೇವೆ ಇದೆಯೆಂದು ಯಾರಿಗೂ ತಿಳಿಯದು.

“ಕೂಸು ಹೋತು ಅಂದ್ರ ಬಾಣಂತಿ ಬಾಣಂತಿ ಅಲ್ಲೇನ್ರಿ ಅಕ್ಕಾರ?” ಎಂದು ಕೇಳಿದಳು. “ಆಕೀಗೂ ಮೈ ಐತಿ. ಅದನ್ನಷ್ಟು ಬರೀರಿ.”

ದೀಪಾ ಒಪ್ಪಲಿಲ್ಲ. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡು ಓದುವವರ ಕಣ್ಣಿಗೆ ಮೊದಲೇ ಇಂಥ ಮಾತು ಬಿದ್ದರೆ ಅವರು ಪುಟ ಮುಚ್ಚಿ ಹೋಗುತ್ತಾರೆ. ದೊಡ್ಡವ್ವ ಅಂಥ ಮನೆಗಳಿಗೆ ಹೋಗಲಿ, ತಾನು ಬೇಡವೆನ್ನುವುದಿಲ್ಲ, ಆದರೆ ಬರೆದು ತೂಗುಹಾಕುವುದು ಬೇಡ ಎಂದಳು. ನಾನು ಕಸ್ತೂರಿಯ ಪಕ್ಷ ಹಿಡಿದೆ. ನನಗಿಲ್ಲಿ ನಷ್ಟವೇನಿರಲಿಲ್ಲ, ಪೆನ್ಶನ್ ಬರುವವರಿಗೆ ಸತ್ಯದ ಪಕ್ಷ ಹಿಡಿಯುವುದು ಸುಲಭ. ಆ ಸಾಲುಗಳನ್ನು ಕೂತಲ್ಲಿಯೇ ಬರೆದೆ. ಒಂದು ಸಮಾಸವೂ ಬರಲಿಲ್ಲ. ‘ಕೂಸು ಉಳಿಯದಿದ್ದರೂ ತಾಯಿಗೆ ಆರೈಕೆ ಬೇಕು. ನಮಗೆ ತಿಳಿಸಿ. ನಾವು ಬಂದು ನೀರು ಎರೆಯುತ್ತೇವೆ, ಏನನ್ನೂ ಕೇಳುವುದಿಲ್ಲ.’ ಕಸ್ತೂರಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದಿ ಎಂದಳು. ದೀಪಾ ಮುಖ ಊದಿಸಿಕೊಂಡೇ ಅದನ್ನು ತಾಣಕ್ಕೆ ಏರಿಸಿದಳು, ಮಗ್ಗುಲಲ್ಲಿ ‘ನಮ್ಮ ಬಗ್ಗೆ’ ಪುಟದಲ್ಲಿ ನಾನು ಬರೆದ ಕಸ್ತೂರಿಯ ಕಥೆಯನ್ನೂ.

ಮೊದಲ ವಾರಗಳಲ್ಲಿ ಏನೂ ಆಗಲಿಲ್ಲ. ನಾನು ದಿನಾ ಫೋನಿನಲ್ಲಿ ತಾಣ ತೆರೆದು ನನ್ನ ಗದ್ಯವನ್ನು ನಾನೇ ಓದಿಕೊಳ್ಳುತ್ತಿದ್ದೆ. ಓದುಗರ ಸಂಖ್ಯೆಯಲ್ಲಿ ನನ್ನ ಪಾಲು ಗಣನೀಯವಾಗಿತ್ತೆಂದು ದೀಪಾ ಆಮೇಲೆ ಹೇಳಿದಳು. ಅಷ್ಟರಲ್ಲಿ ಬ್ಯಾಡಗಿಯಿಂದ ಫೋನು ಬಂತು. ಮೆಣಸಿನಕಾಯಿ ವ್ಯಾಪಾರದ ದೊಡ್ಡ ಮನೆ. ಹಿರಿಸೊಸೆಯ ಬಾಣಂತನವನ್ನು ಕಸ್ತೂರಿಯ ಹೆಂಗಸರೇ ಮಾಡಿದ್ದರು, ಕಿರಿಸೊಸೆಯದೂ ಅವರಿಗೇ ಎಂದು ಮಾತಾಗಿತ್ತು. ಅತ್ತೆಯೇ ಮಾತಾಡಿದರು. ಸಿಟ್ಟಿನಿಂದಲ್ಲ, ಬಹಳ ಮರ್ಯಾದೆಯಿಂದ, ಕಸ್ತೂರಿಯ ಆರೋಗ್ಯ ವಿಚಾರಿಸಿ, ಮೊಮ್ಮಗನ ತುಂಟಾಟವನ್ನೆಲ್ಲ ಹೇಳಿ, ಕೊನೆಗೆ ತಾಣದಲ್ಲಿ ಓದಿದ ಆ ಸಾಲುಗಳ ವಿಷಯಕ್ಕೆ ಬಂದರು. ಕಸ್ತೂರಿ ಫೋನನ್ನು ಸ್ಪೀಕರಿಗೆ ಹಾಕಿದ್ದರಿಂದ ಅಂದು ಅಲ್ಲಿಯೇ ಇದ್ದ ನಾನೂ ಕೇಳಿದೆ.

“ನಿಮ್ಮ ಮ್ಯಾಲ ನಮ್ಮದೇನೂ ಇಲ್ರಿ. ಆದ್ರ ಅಂಥಾ ಮನಿಗೆ ಹೋಗಿಬಂದ ಕೈ ನಮ್ಮ ಕೂಸಿಗೆ ಹತ್ತೂದು ಬ್ಯಾಡ. ನೀವ ತಿಳದವ್ರ ಇದ್ದೀರಿ.”

ಆ ಮನೆಗಳಿಗೆ ಹೋಗುವುದು ತಾನೊಬ್ಬಳೇ, ಬೇರೆ ಹೆಂಗಸರು ಹೋಗುವುದಿಲ್ಲ, ತಾನು ಕೂಸುಗಳನ್ನು ಮುಟ್ಟುವುದಿಲ್ಲ ಎಂದು ಕಸ್ತೂರಿ ಹೇಳಬಹುದಿತ್ತು. ಬದಲಿಗೆ, ಆಗಲಿ ಎಂದು ಫೋನಿಟ್ಟಳು. ಮಾತು ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಘಾಟಿನಂತೆ ಹರಡಿತು. ಹಾವೇರಿಯಲ್ಲಿ ಎರಡು ಮನೆಯವರು ಊರಿನಿಂದ ಅಜ್ಜಿ ಬರುತ್ತಾಳೆಂದು ನೆಪ ಹೇಳಿದರು, ರಾಣೆಬೆನ್ನೂರಿನಲ್ಲಿ ಕೆಲವರು ನೆಪವನ್ನೂ ಹೇಳಲಿಲ್ಲ. ಕೆಲಸವಿಲ್ಲದೆ ಕೂತ ಹೆಂಗಸರು ನಾನು ಅಲ್ಲಿದ್ದ ಒಂದು ದಿನ ಎಲ್ಲರೂ ಸೇರಿ ಕಸ್ತೂರಿಯ ಮನೆಗೆ ಬಂದರು. ಅವರು ಜಗಳಕ್ಕೆ ಬಂದಿರಲಿಲ್ಲ. ಚಹಾ ಕುಡಿದರು, ಮಕ್ಕಳ ಶಾಲೆಯ ವಿಷಯ ಮಾತಾಡಿದರು, ಹೋಗುವಾಗ ಅವರಲ್ಲಿ ಹಿರಿಯಳು ಚಪ್ಪಲಿ ಹಾಕಿಕೊಳ್ಳುತ್ತ, ಅದೇನೋ ಬರೆದದ್ದನ್ನು ತೆಗೆಯಲು ಬರುತ್ತದೆಯೇ ಎಂದು ದೀಪಾಳನ್ನು ಕೇಳಿದಳು. ದೀಪಾ ಕಸ್ತೂರಿಯ ಮುಖ ನೋಡಿದಳು.

ನಾನು ಸುಮ್ಮನಿರಬೇಕಿತ್ತು. ಅದರ ಬದಲು ಮೌಢ್ಯ, ವಿವೇಕ, ಸಮಾಜ ಎಂದು ಒಂದಿಷ್ಟು ಮಾತಾಡಿದೆ. ತರಗತಿಯಲ್ಲಿ ಚಪ್ಪಾಳೆ ಬೀಳುತ್ತಿದ್ದ ಮಾತುಗಳು. ಕಸ್ತೂರಿ ಮುಗಿಯುವವರೆಗೆ ಕಾದು, ದೀಪಾಳ ಕಡೆ ತಿರುಗಿದಳು.

“ತೆಗದುಬಿಡವಾ. ನಂದೊಂದ ಮಾತಿಗೆ ಇಷ್ಟ ಮಂದಿ ಕೈ ಕಟ್ಟಿ ಕುಂದರ್ಸಾಕ ನನಗ ಆಗೂದಿಲ್ಲ.”

ದೀಪಾ ಅಲ್ಲಿಯೇ, ಎರಡು ಸಲ ಬೆರಳು ಒತ್ತಿ, ತೆಗೆದಳು. ಒಂದು ಮಾತನ್ನು ಅಳಿಸುವುದು ಎಷ್ಟು ಸುಲಭವೆಂದರೆ, ಬರೆಯಲು ಪಟ್ಟ ಪಾಡು ನೆನೆದು ನನಗೆ ನಾಚಿಕೆಯಾಯಿತು. ‘ನಮ್ಮ ಬಗ್ಗೆ’ ಪುಟವೂ ಹೋಯಿತು. ಅದರ ಜಾಗದಲ್ಲಿ ಚೌಕಟ್ಟಿನೊಂದಿಗೆ ಬಂದಿದ್ದ ಚಿತ್ರ ಬಂದು ಕೂತಿತು: ಬಿಳಿ ಚಾದರದ ಮೇಲೆ ಯಾವುದೋ ದೇಶದ ತಾಯಿ, ಗುಂಡುಗುಂಡನೆಯ ಕೂಸು, ಕೆಳಗೆ ನನ್ನ ಹಳೆಯ ಕರಡಿನಿಂದ ದೀಪಾ ಹುಡುಕಿ ತೆಗೆದ ‘ಮಾತೃತ್ವದ ಮಧುರ ಪಯಣದಲ್ಲಿ ನಿಮ್ಮೊಂದಿಗೆ’. ನಾನು ಅತ್ಯಂತ ಸುಳ್ಳಾಗಿ ಬರೆದ ಸಾಲಿಗೆ ಅತ್ಯಂತ ದೊಡ್ಡ ಅಕ್ಷರಗಳ ಯೋಗ ಕೂಡಿಬಂದಿತ್ತು. ತಿಂಗಳೊಪ್ಪತ್ತಿನಲ್ಲಿ ಫೋನುಗಳು ಮರಳಿ ಬರತೊಡಗಿದವು. ಬ್ಯಾಡಗಿಯ ಆ ಮನೆಯಿಂದ ಮಾತ್ರ ಬರಲಿಲ್ಲ, ಆದರೆ ನಾಮಕರಣಕ್ಕೆ ಆಮಂತ್ರಣ ಬಂತು. ಕಸ್ತೂರಿ ಹೋಗಲಿಲ್ಲ; ಕೂಸಿಗೊಂದು ಕುಲಾವಿ ಕಳಿಸಿದಳು.

ಇಲ್ಲಿಗೆ ಮುಗಿದಿದ್ದರೆ ನಾನು ನಿಮಗೆ ಇದನ್ನು ಹೇಳುತ್ತಿರಲಿಲ್ಲವೇನೋ. ಐರಣಿಯಿಂದ ಮಾಲತೇಶ ಎಂಬ ತರುಣ ಫೋನು ಮಾಡಿದ. ಸಾಮಾನು ಸಾಗಿಸುವ ಟೆಂಪೊ ಓಡಿಸುವವನು. ಹೆಂಡತಿ ಬಸುರಿಯಿದ್ದಾಗ ತಾಣವನ್ನು ನೋಡಿ ನಂಬರು ಬರೆದಿಟ್ಟುಕೊಂಡಿದ್ದನಂತೆ, ಆ ಸಾಲನ್ನೂ ಓದಿದ್ದನಂತೆ. ಈಗ ಹುಡುಕಿದರೆ ಆ ಸಾಲು ಸಿಗುತ್ತಿಲ್ಲ, ತಾನು ಓದಿದ್ದು ಇದೇ ತಾಣದಲ್ಲಿ ಹೌದೋ ಅಲ್ಲವೋ ಎಂದು ಕೇಳಿದ. ಯಾಕೆ ಕೇಳುತ್ತಿದ್ದಾನೆಂದು ಅವನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹೌದು, ಇದೇ ತಾಣ ಎಂದು ದೀಪಾ ಉತ್ತರಿಸಿದಳು. ಅಷ್ಟು ಹೇಳಿ ಫೋನನ್ನು ದೊಡ್ಡವ್ವನ ಕೈಗೆ ಕೊಟ್ಟಳೆಂದು ಕಸ್ತೂರಿ ಆಮೇಲೆ ನನಗೆ ತಿಳಿಸಿದಳು.

ಮರುದಿನ ಬೆಳಿಗ್ಗೆ ಕಸ್ತೂರಿಯ ಜೊತೆ ನಾನೂ ಬಸ್ಸು ಹತ್ತಿದೆ. ಹೊಳೆಯ ದಂಡೆಯ ಊರು ಐರಣಿ. ಮಾಲತೇಶನ ಮನೆ ಸಣ್ಣದು, ಸ್ವಚ್ಛ. ಅವನ ತಾಯಿ ನಮ್ಮನ್ನು ಒಳಗೆ ಕರೆದು ನೀರು ಕೊಟ್ಟಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಳಕೋಣೆಯಲ್ಲಿ ಸೊಸೆ ಗೀತಾ ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. ಕುಪ್ಪಸ ಎದೆಯ ಮೇಲೆ ಒದ್ದೆಯಾಗಿತ್ತು. ಕಸ್ತೂರಿ ಹಂಡೆಯ ಒಲೆ ಹೊತ್ತಿಸಲು ಹೇಳಿದಾಗ ಮಾಲತೇಶನ ತಾಯಿ ಅನುಮಾನಿಸಿದಳು. ಹೊಗೆ ಎದ್ದರೆ, ಲೋಬಾನದ ವಾಸನೆ ಬಂದರೆ, ಓಣಿಯವರು ಯಾರಿಗೆ ಬಾಣಂತನ ಎಂದು ಕೇಳುತ್ತಾರೆ, ಏನು ಹೇಳಲಿ ಎಂದಳು. ನಿಮ್ಮ ಸೊಸೆಗೆ ಎಂದು ಹೇಳಿ ಎಂದಳು ಕಸ್ತೂರಿ. ಮಾಲತೇಶ ತಾನೇ ಕಟ್ಟಿಗೆ ತಂದು ಒಲೆ ಹೊತ್ತಿಸಿದ.

ಅಂದು ಕಸ್ತೂರಿ ಬಚ್ಚಲಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಕೂತಿದ್ದ ನನಗೆ ಬಹಳ ಹೊತ್ತು ಕೇಳಿಸಿದ್ದು ನೀರಿನ ಸಪ್ಪಳ ಮಾತ್ರ: ತಂಬಿಗೆ ಮುಳುಗುವುದು, ಎತ್ತುವುದು, ಸುರಿಯುವುದು. ಆಮೇಲೆ ಗೀತಾ ಅಳತೊಡಗಿದಳು. ಅವಳ ಅತ್ತೆ ಎದ್ದು ಬಾಗಿಲ ಬಳಿ ಹೋದವಳು, ಮುಟ್ಟದೆ ನಿಂತು, ತಿರುಗಿ ಬಂದು ನನ್ನ ಪಕ್ಕದಲ್ಲಿ ಕೂತಳು. ಅಳು ನಿಲ್ಲಲಿಲ್ಲ, ನೀರೂ ನಿಲ್ಲಲಿಲ್ಲ. ನನ್ನ ಬಳಿ ಆ ಹೊತ್ತಿಗೆ ಒಂದು ಪದವೂ ಇರಲಿಲ್ಲ ಎಂಬುದನ್ನು, ಪದಗಳ ಬಗ್ಗೆ ನನ್ನ ಅಹಂಕಾರವನ್ನು ಈವರೆಗೆ ಸಹಿಸಿದ ನಿಮಗೆ, ಹೇಳಲೇಬೇಕು. ಎಷ್ಟೋ ಹೊತ್ತಿನ ಮೇಲೆ ತಲೆಗೆ ಬಟ್ಟೆ ಕಟ್ಟಿಸಿಕೊಂಡು, ಹೊಟ್ಟೆಗೆ ಸೀರೆ ಸುತ್ತಿಸಿಕೊಂಡು, ಕಸ್ತೂರಿಯ ಹೆಗಲು ಹಿಡಿದು ಗೀತಾ ಹೊರಬಂದಳು. ಬಿಸಿ ಅನ್ನ, ಬೆಳ್ಳುಳ್ಳಿಯ ಸಾರು ಹಾಕಿಕೊಟ್ಟರು. ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಆಮೇಲೆ ಕಸ್ತೂರಿ ಅಲ್ಲಿಗೆ ದಿನಾ ಹೋದಳು, ಕೂಸಿದ್ದ ಮನೆಗಳಿಗೆ ಎಷ್ಟು ದಿನ ಹೋಗುತ್ತಾರೋ ಅಷ್ಟೂ ದಿನ. ನಾನು ದೀಪಾಳಿಗೆ ಆ ಸಾಲನ್ನು ಮತ್ತೆ ಹಾಕು ಎಂದೆ. ಅವಳು ತಲೆ ತಗ್ಗಿಸಿ, ಮತ್ತೆ ಹೆಂಗಸರ ಕೆಲಸ ಹೋಗುತ್ತದೆ, ಆಗುವುದಿಲ್ಲ ಎಂದಳು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ; ಅವಳು ಹೇಳಿದ್ದರಲ್ಲಿ ಒಂದೂ ತಪ್ಪಾಗಿರಲಿಲ್ಲ ಎಂಬುದೇ ಕಹಿಯ ಸಂಗತಿ.

ಕೆಲಸ ಮುಗಿದ ಮೇಲೆ ಎಲ್ಲ ಗ್ರಾಹಕರಿಗೂ ಫೋನಿಗೊಂದು ಸಂದೇಶ ತಾನಾಗಿಯೇ ಹೋಗುವಂತೆ ದೀಪಾ ವ್ಯವಸ್ಥೆ ಮಾಡಿದ್ದಳು: ನಮ್ಮ ಸೇವೆ ಹೇಗಿತ್ತು, ನಾಲ್ಕು ಮಾತು ಬರೆಯಿರಿ. ಮಾಲತೇಶನಿಗೂ ಹೋಗಿತ್ತು. ಅವನು ಬರೆದು ಕಳಿಸಿದ್ದ. ‘ಗ್ರಾಹಕರ ಮಾತು’ ಪುಟದಲ್ಲಿ, ‘ಉತ್ತಮ ಸೇವೆ’, ‘ತುಂಬಾ ಸಂತೋಷವಾಯಿತು, ಎಲ್ಲರಿಗೂ ಹೇಳುತ್ತೇವೆ’ ಎಂಬವುಗಳ ನಡುವೆ, ಎಲ್ಲ ಮಾತುಗಳ ಮಗ್ಗುಲಿಗೂ ಚೌಕಟ್ಟು ತಾನೇ ಅಂಟಿಸುವ ನಗುವ ಕೂಸಿನ ಚಿತ್ರದೊಂದಿಗೆ, ಅದು ಈಗಲೂ ಇದೆ: ‘ನನ್ನ ಹೆಂಡತಿ ಊಟ ಮಾಡಿದಳು. ಮಾಲತೇಶ, ಐರಣಿ.’ ದೀಪಾ ಅದನ್ನು ತೆಗೆಯಲಿಲ್ಲ. ಚಿತ್ರವನ್ನಷ್ಟೇ ತೆಗೆಯಲು ನೋಡಿದಳಂತೆ, ಆ ಚೌಕಟ್ಟಿನಲ್ಲಿ ಅದಕ್ಕೆ ಅವಕಾಶವಿಲ್ಲವಂತೆ.

ಮೊನ್ನೆ ಹೊಸರಿತ್ತಿಯ ನನ್ನ ಬೀಗತಿ ಮನೆಗೆ ಬಂದಿದ್ದರು, ಏಳು ತಿಂಗಳ ಬಸುರಿ ಕಿರಿಸೊಸೆಯನ್ನು ಹಾವೇರಿಯ ಡಾಕ್ಟರಿಗೆ ತೋರಿಸಿಕೊಂಡು. ಬಾಣಂತನಕ್ಕೆ ಯಾರು ಒಳ್ಳೆಯವರೆಂದು ಕೇಳಿದಾಗ ನಾನು ತಾಣವನ್ನು ತೆರೆದು ಕೊಟ್ಟೆ. ಬೀಗತಿ ಕನ್ನಡಕ ಏರಿಸಿಕೊಂಡು ಒಂದೊಂದಾಗಿ ಓದಿದರು. ಐರಣಿಯ ಸಾಲಿಗೆ ಬಂದಾಗ ನಕ್ಕುಬಿಟ್ಟರು.

“ಇದೇನ್ರಿ ಇದು, ಹೆಂಡ್ತಿ ಊಟ ಮಾಡಿದ್ಲು ಅಂತ ಬರದಾನ? ಇವರೇನು ಊಟಾನೂ ಕೊಡ್ತಾರೇನು?”

ಹೇಳಬೇಕೆಂದು ನಾನು ಬಾಯಿ ತೆರೆದೆ. ಸೊಸೆ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ಕುರ್ಚಿಗೆ ಒರಗಿ, ನಗುತ್ತ ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

“ಹೂಂರಿ,” ಎಂದೆ, “ಊಟಾನೂ ಚಲೋ ಮಾಡಿ ಹಾಕ್ತಾರ.”